‘ಎಲ್ಲಾರ ಮುಂದ ಕನ್ನಡ ಮಾತಾಡಬ್ಯಾಡ್ರಿ, ಟೀಚರ್’

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಗೋವಾಕ್ಕೆ ಬಂದು 14 ವರ್ಷ ಆಯಿತು. ವಾಸ್ಕೋ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಏಳನೆಯ ತರಗತಿಯಲ್ಲಿ ಗದಗ ಕಡೆಯ ಒಬ್ಬ ಹುಡುಗ ಇದ್ದಾನೆ. ಅಪ್ಪನದು ಸೆಂಟ್ರಿಂಗ್ ಕೆಲಸ, ಅವ್ವ ಮೂರು ಮನೆಗಳಲ್ಲಿ ಪಾತ್ರೆ-ಬಟ್ಟೆ ಮಾಡುತ್ತಾಳೆ. ಮೂರನೆಯವರೆಗೆ ಊರಿನ ಕನ್ನಡ ಶಾಲೆ, ನಾಲ್ಕನೆಯದು ಇಲ್ಲಿ ಮರಾಠಿಯಲ್ಲಿ, ಐದರಿಂದ ಇಂಗ್ಲಿಷ್. ಹೋದ ವರ್ಷ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ. ಈ ವರ್ಷ ಬಾಯೇ ಬಿಡುವುದಿಲ್ಲ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾನೆ. ಸೋಮವಾರ ಬಂತೆಂದರೆ ಹೊಟ್ಟೆನೋವು, ಶಾಲೆಗೆ ಬರುವುದಿಲ್ಲ. ಕೆಲವು ಹುಡುಗರು ಅವನನ್ನು ‘ಘಾಂಟಿ’ ಅನ್ನುವುದು ನನ್ನ ಕಿವಿಗೂ ಬಿದ್ದಿದೆ. ಸಮಾಧಾನ ಆಗಲಿ ಅಂತ ಒಂದು ದಿನ ಕ್ಲಾಸಿನಲ್ಲಿ ಕನ್ನಡದಲ್ಲೇ ಮಾತಾಡಿಸಿದೆ. ಗಂಟೆ ಹೊಡೆದ ಮೇಲೆ ನನ್ನ ಹತ್ತಿರ ಬಂದು, ‘ಎಲ್ಲಾರ ಮುಂದ ಕನ್ನಡ ಮಾತಾಡಬ್ಯಾಡ್ರಿ, ಟೀಚರ್’ ಎಂದ. ನನಗೆ ಅಳುವೇ ಬಂತು. ‘ನೀವು ಸಿಲೆಬಸ್ ನೋಡಿಕೊಳ್ಳಿ, ಮನಸ್ಸಿನ ವಿಷಯ ಕೌನ್ಸೆಲರ್ ನೋಡುತ್ತಾರೆ’ ಅನ್ನುತ್ತಾರೆ ಹೆಡ್‌ಮಿಸ್ಟ್ರೆಸ್. ಕೌನ್ಸೆಲರ್ ಬರುವುದು ವಾರಕ್ಕೊಮ್ಮೆ. ಅಪ್ಪ, ‘ಊರಾಗ ಅವನ ಅಜ್ಜಿ ಕಡೆ ಬಿಟ್ಟು ಬರ್ತೀನ್ರಿ’ ಅನ್ನುತ್ತಿದ್ದಾನೆ. ಈ ಹುಡುಗನಿಗೆ ಡಿಪ್ರೆಶನ್ನಾ? ನಾನೇ ಒಂದು ಕೌನ್ಸೆಲಿಂಗ್ ಕೋರ್ಸ್ ಮಾಡಿಕೊಳ್ಳಲಾ? ಪಾಠ ಮಾಡುವವಳಾಗಿ ನನ್ನ ಕೈಯಲ್ಲಿ ಏನಿದೆ? (ಸ್ಟಾಫ್ ರೂಮಿನಲ್ಲಿರುವಾಗ ಊರಿನಿಂದ ಫೋನ್ ಬಂದರೆ ನಾನೂ ವರಾಂಡಕ್ಕೆ ಹೋಗಿಯೇ ಮಾತಾಡುತ್ತೇನೆ. ಅದು ಬೇರೆ ಮಾತು ಬಿಡಿ.)

ಉತ್ತರ: ಮೊದಲು ಒಂದು ಸಣ್ಣ ಕೆಲಸ ಮಾಡಿ. ಹಾಜರಿ ಪುಸ್ತಕವನ್ನೂ ಏಳನೆಯ ತರಗತಿಯ ಟೈಮ್‌ಟೇಬಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೋಮವಾರ ಏನೇನಿದೆ?

ಯಾಕೆ ಹೇಳುತ್ತೇನೆಂದರೆ, ಕೆಲವು ವರ್ಷಗಳ ಹಿಂದೆ ನಾನು ಕೌನ್ಸೆಲರ್ ಆಗಿ ಹೋಗುತ್ತಿದ್ದ ಶಾಲೆಯೊಂದರಲ್ಲಿ ಒಬ್ಬಳು ಹುಡುಗಿ ಬುಧವಾರ ಮಾತ್ರ ತಪ್ಪಿಸುತ್ತಿದ್ದಳು. ಒಂದು ವಾರ ತಲೆನೋವು, ಒಂದು ವಾರ ಹೊಟ್ಟೆನೋವು. ಮನೆಯಲ್ಲೇ ಏನೋ ತೊಂದರೆ ಇರಬೇಕು ಅಂತ ನಾವೆಲ್ಲ ಅಂದುಕೊಂಡೆವು. ಅಪ್ಪ-ಅಮ್ಮನನ್ನು ಎರಡು ಸಲ ಕರೆಸಿದೆವು. ಪಾಪ, ಆ ದಿನದ ಕೂಲಿ ಬಿಟ್ಟು ಬಂದು ಕೈಕಟ್ಟಿಕೊಂಡು ನಿಂತರು. ಆಮೇಲೆ ಯಾರೋ ಟೈಮ್‌ಟೇಬಲ್ ನೋಡಿದರು. ಬುಧವಾರ ನಾಲ್ಕನೆಯ ಪೀರಿಯಡ್ ಪ್ರಾಜೆಕ್ಟ್. ಆ ಟೀಚರ್ ಒಳ್ಳೆಯವರೇ. ‘ನಿಮ್ಮ ನಿಮ್ಮ ಗುಂಪು ನೀವೇ ಮಾಡಿಕೊಳ್ಳಿ’ ಅನ್ನುತ್ತಿದ್ದರು, ಅಷ್ಟೇ. ಎರಡು ನಿಮಿಷದಲ್ಲಿ ಬೆಂಚು ಸರಿದು ಗುಂಪು ಆಗಿಬಿಡುತ್ತಿತ್ತು. ಈ ಹುಡುಗಿ ಮಾತ್ರ ಪ್ರತಿ ವಾರ ಡಸ್ಟರ್ ಹಿಡಿದು ಬೋರ್ಡ್ ಒರೆಸುತ್ತಾ ನಿಲ್ಲುತ್ತಿದ್ದಳು. ತನ್ನನ್ನು ಯಾರೂ ಕರೆಯಲಿಲ್ಲ ಅನ್ನುವುದು ಯಾರಿಗೂ ಕಾಣಬಾರದಲ್ಲ, ಅದಕ್ಕೆ. ಮುಂದಿನ ವಾರದಿಂದ ಟೀಚರೇ ಹೆಸರು ಓದಿ ಗುಂಪು ಮಾಡತೊಡಗಿದರು. ಎರಡು ಮೂರು ವಾರದಲ್ಲಿ ಬುಧವಾರದ ನೋವು ನಿಂತಿತು. ನಾನು ಅವಳ ಜೊತೆ ಒಂದು ದಿನವೂ ಕೂತು ಮಾತಾಡಿರಲಿಲ್ಲ.

ನಿಮ್ಮ ಹುಡುಗನದೂ ಇದೇ ಕಥೆ ಅಂತ ಹೇಳುತ್ತಿಲ್ಲ. ಸೋಮವಾರಕ್ಕೆ ಬೇರೆ ಕಾರಣ ಇರಬಹುದು. ಭಾನುವಾರ ಪಗಾರದ ದಿನ ಮನೆಯಲ್ಲಿ ಕುಡಿತ-ಜಗಳ ಇರಬಹುದು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎದ್ದು ನಿಂತು ಓದಬೇಕಾದ ದಿನ ಇರಬಹುದು. ಮಧ್ಯಾಹ್ನದ ಪಾವ್-ಭಾಜಿ ಬಂದಾಗ ಅವನು ಯಾರ ಪಕ್ಕ ಕೂರುತ್ತಾನೆ ಅಂತಲೂ ಒಂದು ವಾರ ದೂರದಿಂದ ಗಮನಿಸಿ. ಊಹೆಗಿಂತ ಇದರಲ್ಲಿ ಜಾಸ್ತಿ ಗೊತ್ತಾಗುತ್ತದೆ.

ಹೊಟ್ಟೆನೋವು ನಾಟಕ ಅನ್ನುವವರು ಸ್ಟಾಫ್ ರೂಮಿನಲ್ಲಿ ಯಾವಾಗಲೂ ಒಬ್ಬರಾದರೂ ಇರುತ್ತಾರೆ. ಅಲ್ಲ. ಭಯ, ಆತಂಕ ಆದಾಗ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಪರೀಕ್ಷೆ ದಿನ ನಮಗೂ ಹೊಟ್ಟೆ ಕೆಡುತ್ತಿತ್ತಲ್ಲ? ಮಕ್ಕಳಿಗೆ ‘ನನಗೆ ಬೇಜಾರಾಗಿದೆ’ ಅನ್ನುವ ಮಾತಿಗಿಂತ ‘ಹೊಟ್ಟೆ ನೋಯ್ತಾ ಇದೆ’ ಅನ್ನುವುದು ಸುಲಭಕ್ಕೆ ಬರುತ್ತದೆ. ಹಾಗಂತ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. ಒಂದು ಸಲ ಡಾಕ್ಟರಿಗೆ ತೋರಿಸಲು ಅವ್ವನಿಗೆ ಹೇಳಿ. ಜಂತುಹುಳ ಇರಬಹುದು, ಬೆಳಿಗ್ಗೆ ಏನೂ ತಿನ್ನದೆ ಬರುತ್ತಿರಬಹುದು. ಟಾಯ್ಲೆಟ್ಟಿನಲ್ಲಿ ಹುಡುಗರು ಕಾಡುತ್ತಾರೆ ಅಂತ ನೀರೇ ಕುಡಿಯದೆ ಮಧ್ಯಾಹ್ನದವರೆಗೆ ತಡೆದುಕೊಂಡಿರುವ ಮಕ್ಕಳನ್ನೂ ನಾನು ನೋಡಿದ್ದೇನೆ.

ಇನ್ನು ಡಿಪ್ರೆಶನ್ ಪ್ರಶ್ನೆ. ಪತ್ರ ಓದಿ ಯಾರೂ ಅದನ್ನು ಹೇಳಲಾಗದು, ಹೇಳಬಾರದು. ಆದರೆ ಮಾತು ನಿಂತದ್ದಕ್ಕೆ ಬೇರೆ ಕಾರಣ ಇರಬಹುದಾ ಅಂತ ನೀವೇ ಪರೀಕ್ಷಿಸಬಹುದು. ಹೋದ ವರ್ಷ ಲೆಕ್ಕದಲ್ಲಿ ಮುಂದಿದ್ದ ಅಂದಿರಿ. ಏಳನೆಯ ಹೊತ್ತಿಗೆ ಸಮೀಕರಣದಂಥವು ಬರುತ್ತವೆ. ಲೆಕ್ಕ ಅಂಕಿಯಿಂದ ವಾಕ್ಯಕ್ಕೆ ಜಾರುತ್ತದೆ. ಒಂದೇ ಲೆಕ್ಕವನ್ನು ಒಮ್ಮೆ ಬರೀ ಅಂಕಿಯಲ್ಲಿ ಕೊಡಿ, ಇನ್ನೊಂದು ದಿನ ಅಂಕಿ ಬದಲಿಸಿ ಮೂರು ಸಾಲಿನ ಇಂಗ್ಲಿಷ್ ಕಥೆಯಾಗಿ ಕೊಡಿ. ಮೊದಲನೆಯದು ಸರಿಯಾಗಿ, ಎರಡನೆಯದು ಖಾಲಿ ಬಿಟ್ಟರೆ ಅವನಿಗೆ ತಡೆಯಾಗಿರುವುದು ಭಾಷೆ. ಎರಡನ್ನೂ ಖಾಲಿ ಬಿಟ್ಟರೆ ಆಗ ನನಗೂ ಚಿಂತೆ ಜಾಸ್ತಿಯಾಗುತ್ತದೆ.

ಜಿಮ್ ಕಮಿನ್ಸ್ ಎಂಬ ಭಾಷಾ ಶಿಕ್ಷಣ ತಜ್ಞರು ಬಹಳ ಹಿಂದೆಯೇ ಒಂದು ವ್ಯತ್ಯಾಸ ತೋರಿಸಿದ್ದರು. ಹೊಸ ಭಾಷೆಯಲ್ಲಿ ಆಟ, ಜಗಳ, ಅಂಗಡಿಯ ಮಾತು ಎರಡು ವರ್ಷದೊಳಗೆ ಬಂದುಬಿಡುತ್ತದೆ. ಆದರೆ ಪಾಠದ ಭಾಷೆ ಕೈಗೆ ಹತ್ತಲು ಐದರಿಂದ ಏಳು ವರ್ಷ ಬೇಕು. ನಿಮ್ಮ ಹುಡುಗ ನಾಲ್ಕು ವರ್ಷದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಅಂತ ಮೂರು ಮಾಧ್ಯಮ ದಾಟಿದ್ದಾನೆ. ಬೀದಿಯ ಕೊಂಕಣಿ, ಹಿಂದಿ ಬೇರೆ. ‘ಹೊರಗೆ ಅಷ್ಟು ಮಾತಾಡ್ತಾನೆ, ಕ್ಲಾಸಲ್ಲಿ ಸುಮ್ನೆ ನಾಟಕ’ ಅನ್ನುವವರಿಗೆ ಇಷ್ಟು ಹೇಳಿ ಸಾಕು.

ಭಾಷೆಯ ಕಷ್ಟದ ಮೇಲೆ ಅವಮಾನ ಕೂತಾಗ ಮಾತು ಪೂರ್ತಿ ನಿಲ್ಲುತ್ತದೆ. ಘಾಂಟಿ ಅಂದರೆ ಘಟ್ಟದ ಮೇಲಿಂದ ಬಂದವನು. ಮೂಲದಲ್ಲಿ ಅಷ್ಟೇ ಅರ್ಥ. ಈಗ ಅದು ಕೊಳಕ, ಬಡವ, ಹೊರಗಿನವ ಎಲ್ಲವೂ ಹೌದು. ನಾನು ಕಾರವಾರದವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಹಾಗಾಗಿ ಆ ಪದ ಎರಡೂ ಕಡೆಯಿಂದ ಕೇಳಿಸುತ್ತದೆ ನನಗೆ. ಕೊಂಕಣಿಗರು ತಮ್ಮ ಗುರುತು ಉಳಿಸಿಕೊಳ್ಳಲು ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಅನ್ನುವ 1967ರ ಜನಮತ ಸಂಗ್ರಹದಿಂದ ಕೊಂಕಣಿಯನ್ನು ರಾಜ್ಯಭಾಷೆ ಮಾಡಿದ 1987ರ ರಾಜಭಾಷಾ ಕಾನೂನಿನವರೆಗೆ ಹೋರಾಡಬೇಕಾಯಿತು. ಆ ಅಂಜಿಕೆ ಇನ್ನೂ ಮನೆಮನೆಯಲ್ಲಿದೆ, ಮಕ್ಕಳ ಬಾಯಲ್ಲಿ ಬೈಗುಳವಾಗಿ ಬರುತ್ತದೆ. ಕನ್ನಡದ ಕೂಲಿಯವರ ಮನೆಗಳಲ್ಲಿ ಇನ್ನೊಂದು ಅಂಜಿಕೆ. 2004ರಲ್ಲಿ ಬೈನಾ ಕಡಲತೀರದ ಮನೆಗಳನ್ನು ಕೆಡವಿದ್ದನ್ನು ವಾಸ್ಕೋ ಕಡೆಯ ಹಳಬರು ಮರೆತಿಲ್ಲ. ‘ತಲೆ ಎತ್ತಬೇಡ, ಜಗಳಕ್ಕೆ ಹೋಗಬೇಡ’ ಅಂತ ಅವ್ವ ದಿನಾ ಹೇಳಿ ಕಳಿಸುತ್ತಾಳೆ. ಹುಡುಗ ಅಕ್ಷರಶಃ ತಲೆ ಎತ್ತುವುದಿಲ್ಲ. ಬೆಂಗಳೂರಿನಲ್ಲಿ ನಾವು ಹೊರಗಿನವರನ್ನು ಏನೇನು ಕರೆಯುತ್ತೇವೆ ಅನ್ನುವುದೂ ಇಲ್ಲಿ ನೆನಪಿರಲಿ. ಗೋವಾದವರ ಮೇಲೆ ಕೋಪಿಸಿಕೊಂಡು ಈ ಸಮಸ್ಯೆಗೆ ಕೈಹಾಕಬೇಡಿ.

‘ಬೈಸಿಕೊಂಡರೆ ಮಕ್ಕಳು ಗಟ್ಟಿಯಾಗ್ತಾರೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗಟ್ಟಿಯಾದವರ ಕಥೆ ಮಾತ್ರ ನಮಗೆ ಗೊತ್ತಿರುತ್ತದೆ. ಶಾಲೆ ಬಿಟ್ಟು ಸೆಂಟ್ರಿಂಗ್ ಹಲಗೆ ಹೊರಲು ಹೋದವನ ಕಥೆ ಹೇಳಲು ಯಾರು ಬರುತ್ತಾರೆ?

ಈಗ ಅವನು ನಿಮಗೆ ಹೇಳಿದ ಮಾತಿಗೆ ಬರೋಣ. ನಿಮಗೆ ಅಳು ಬಂತು, ಸರಿ. ಆದರೆ ಇನ್ನೊಮ್ಮೆ ಆ ವಾಕ್ಯ ಓದಿ. ಅವನು ಕನ್ನಡ ಬೇಡ ಅನ್ನಲಿಲ್ಲ. ಎಲ್ಲಾರ ಮುಂದ ಬೇಡ ಅಂದ. ಅದನ್ನೂ ಕನ್ನಡದಲ್ಲೇ ಅಂದ, ನಿಮ್ಮ ಹತ್ತಿರ ನಡೆದು ಬಂದು ಅಂದ. ಇಡೀ ವರ್ಷದಲ್ಲಿ ಅವನು ತಾನಾಗಿ ಆಡಿದ ಪೂರ್ತಿ ವಾಕ್ಯ ಅದೊಂದೇ ಇರಬಹುದು. ನಿಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಅದೂ ಬರುತ್ತಿರಲಿಲ್ಲ. ಅವನ ಮಾತು ನಡೆಸಿಕೊಡಿ. ಕ್ಲಾಸಿನಲ್ಲಿ ಎಲ್ಲರ ಜೊತೆ ಹೇಗೋ ಅವನ ಜೊತೆಗೂ ಹಾಗೇ ಇರಿ. ಕನ್ನಡವನ್ನು ಅವನ ನೋಟ್‌ಬುಕ್ಕಿನೊಳಗೆ ಇಡಿ. ತಿದ್ದುವಾಗ ಮಾರ್ಜಿನಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆಯಿರಿ. ಮೂರನೆಯವರೆಗೆ ಓದಿದ್ದಾನೆ, ಕೂಡಿಸಿಕೊಂಡು ಓದುತ್ತಾನೆ.

ಏನು ಬರೆಯಬೇಕು ಅನ್ನುವುದೂ ಮುಖ್ಯ. ಅಮೆರಿಕದಲ್ಲಿ ಡೇವಿಡ್ ಯೇಗರ್ ಮತ್ತು ಜೊತೆಗಾರರು ಏಳನೆಯ ತರಗತಿಯ ಮಕ್ಕಳ ಮೇಲೇ ಒಂದು ಸಣ್ಣ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಮಕ್ಕಳ ಪ್ರಬಂಧ ತಿದ್ದಿ ಹಿಂತಿರುಗಿಸುವಾಗ ಕೆಲವರಿಗೆ ಒಂದು ಚೀಟಿ ಅಂಟಿಸಿದರು. ‘ನಿನ್ನಿಂದ ನನಗೆ ಹೆಚ್ಚಿನ ನಿರೀಕ್ಷೆ ಇದೆ, ನೀನು ಅಲ್ಲಿಗೆ ಮುಟ್ಟಬಲ್ಲೆ ಅಂತ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ’ ಅನ್ನುವ ಅರ್ಥದ್ದು. ಉಳಿದವರಿಗೆ ಸಾದಾ ಚೀಟಿ. ಸಾದಾ ಚೀಟಿ ಸಿಕ್ಕ ಕಪ್ಪು ಮಕ್ಕಳಲ್ಲಿ ಪ್ರಬಂಧ ತಿದ್ದಿ ಮತ್ತೆ ಬರೆದವರು 17 ಶೇಕಡಾ. ಮೊದಲ ಚೀಟಿ ಸಿಕ್ಕವರಲ್ಲಿ 72 ಶೇಕಡಾ. ಟೀಚರ್ ನನ್ನನ್ನು ಕೀಳಾಗಿ ನೋಡುತ್ತಾರೋ ಏನೋ ಅನ್ನುವ ಅನುಮಾನ ಇರುವ ಮಗುವಿಗೆ ಕೆಂಪು ಇಂಕು ಬೇರೆ ತರಹ ಕಾಣುತ್ತದೆ. ‘ಗುಡ್’, ‘ವೆರಿ ಗುಡ್’ ಅಂತ ಸುಮ್ನೆ ಹೊಗಳಿದರೆ ಅದೂ ಅನುಮಾನವೇ. ತಪ್ಪು ತೋರಿಸಿ, ಯಾಕೆ ತೋರಿಸಿದಿರಿ ಅಂತಲೂ ಹೇಳಿ. ‘ಇಲ್ಲಿ ಅನುಪಾತ ತಿರುಗಿಸಿದ್ದೀ. ನಿನಗೆ ಬರ್ತದ, ಇನ್ನೊಮ್ಮೆ ಮಾಡು.’ ಇಷ್ಟು ಸಾಕು.

ವರಾಂಡದ ಫೋನನ್ನು ‘ಬೇರೆ ಮಾತು’ ಅಂತ ಕಂಸದೊಳಗೆ ಹಾಕಿದ್ದೀರಿ. ತಪ್ಪು ಹುಡುಕುತ್ತಿಲ್ಲ. ಮಡಗಾಂವಿಗೆ ಬಂದ ಹೊಸದರಲ್ಲಿ ನಾನೂ ಹೀಗೇ ಮಾಡುತ್ತಿದ್ದೆ. ಆದರೆ ಮಕ್ಕಳು ನೋಟ್‌ಬುಕ್ಕಿನ ಕಟ್ಟು ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಾಗ ಎಲ್ಲವನ್ನೂ ನೋಡುತ್ತಾರೆ. ಟೀಚರ್ ಕೂಡ ಕನ್ನಡವನ್ನು ಹೊರಗೆ ಒಯ್ದು ಮಾತಾಡುತ್ತಾರೆ ಅಂತ ಅವನಿಗೆ ಗೊತ್ತಿರಬಹುದು. ಒಮ್ಮೆ ಕುರ್ಚಿಯಲ್ಲಿ ಕೂತೇ ಮಾತಾಡಿ ನೋಡಿ. ಮುಜುಗರ ನಾಲ್ಕು ದಿನದ್ದು.

ಕೌನ್ಸೆಲಿಂಗ್ ಕೋರ್ಸ್ ಬೇಡ. ಆಸೆ ಇದ್ದರೆ ಮಾಡಿ, ಈ ಹುಡುಗನಿಗಾಗಿ ಬೇಡ. ಇದಕ್ಕೆ ಒಂದು ಗಟ್ಟಿ ಆಧಾರ ಇದೆ, ಅದೂ ನಮ್ಮ ಗೋವಾದಲ್ಲಿ ಹುಟ್ಟಿದ ‘ಸಂಗಾತ್’ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯದೇ. ಅವರು ಬಿಹಾರದ ನಳಂದಾ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ‘ಸೆಹರ್’ ಎಂಬ ದೊಡ್ಡ ಪ್ರಯೋಗ ನಡೆಸಿದರು. 2018ರಲ್ಲಿ ಅದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗಳಲ್ಲಿ ಮಕ್ಕಳ ಮಾನಸಿಕ ಆರೋಗ್ಯ ನೋಡಿಕೊಳ್ಳುವ ಕೆಲಸಕ್ಕೇ ಅಂತ ತರಬೇತಿ ಪಡೆದ ಸಾಮಾನ್ಯ ಜನರನ್ನು ಇಟ್ಟರು. ಅವರು ಡಾಕ್ಟರೂ ಅಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಇನ್ನು ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಅಲ್ಲಿನ ಶಿಕ್ಷಕರಿಗೇ ಕಲಿಸಿ ಒಪ್ಪಿಸಿದರು. ಮೊದಲ ಗುಂಪಿನ ಶಾಲೆಗಳ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆ, ಪೀಡನೆ ಕಡಿಮೆಯಾಯಿತು. ಶಿಕ್ಷಕರಿಗೆ ಒಪ್ಪಿಸಿದ ಕಡೆ ಏನೂ ಬದಲಾಗಲಿಲ್ಲ. ಅವರು ಕೆಟ್ಟ ಶಿಕ್ಷಕರು ಅಂತಲ್ಲ. ಪಾಠ, ಪರೀಕ್ಷೆ, ಎಲೆಕ್ಷನ್ ಡ್ಯೂಟಿ ಎಲ್ಲದರ ಮೇಲೆ ಇನ್ನೊಂದು ಹೊರೆ ಬಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಅದಲ್ಲದೆ, ಮಾರ್ಕ್ಸ್ ಕೊಡುವವರ ಹತ್ತಿರ ಮನಸ್ಸು ಬಿಚ್ಚುವುದು ಮಕ್ಕಳಿಗೆ ಕಷ್ಟ. ಇದು ನನ್ನ ಅನುಭವದ ಮಾತು.

ಹೆಡ್‌ಮಿಸ್ಟ್ರೆಸ್ ಹೇಳಿದ್ದು ಹಾಗಾದರೆ ಸರಿಯಾ? ಅರ್ಧ ಸರಿ. ಕೌನ್ಸೆಲರ್ ಮಾಡುವ ಕೆಲಸ ಕೌನ್ಸೆಲರ್‌ದು. ಆದರೆ ವಾರಕ್ಕೆ ಅರ್ಧ ಗಂಟೆ ನನ್ನ ಮುಂದೆ ಕೂರುವ ಹುಡುಗ ಉಳಿದ ಹೊತ್ತೆಲ್ಲ ನಿಮ್ಮೆಲ್ಲರ ಕ್ಲಾಸಿನಲ್ಲಿ ಇರುತ್ತಾನೆ. ತಾನು ಇಲ್ಲಿಯವನು ಹೌದೋ ಅಲ್ಲವೋ ಅನ್ನುವುದು ಅವನಿಗೆ ಗೊತ್ತಾಗುವುದು ಅಲ್ಲಿ. ಯಾರನ್ನು ಯಾರ ಪಕ್ಕ ಕೂರಿಸುತ್ತೀರಿ, ಯಾರ ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತೀರಿ, ಹೆಸರನ್ನು ಸರಿಯಾಗಿ ಕರೆಯುತ್ತೀರಾ, ಇವೆಲ್ಲ ಸಿಲೆಬಸ್ಸಿನ ಒಳಗೇ ಇರುವಂಥವು. ಒಂದು ನಿಮಿಷವೂ ಜಾಸ್ತಿ ಬೇಡ.

ಕಾಯುವ ವಿಷಯ ಹೇಳಿದೆನಲ್ಲ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸ್‌ಗಳ ಧ್ವನಿ ಮುದ್ರಿಸಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಹಿಂದೆ ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಒಂದು ಸೆಕೆಂಡಿನಲ್ಲಿ ನಿಮ್ಮ ಹುಡುಗ ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲಿ ಲೆಕ್ಕ ಹಾಕಿ, ಮತ್ತೆ ಇಂಗ್ಲಿಷಿಗೆ ತರಬೇಕು. ಮೂರಲ್ಲ, ಐದು ಸೆಕೆಂಡ್ ಕೊಡಿ. ಮೌನ ಉದ್ದ ಅನ್ನಿಸುತ್ತದೆ. ಬೋರ್ಡ್ ಕಡೆ ತಿರುಗಿ ಏನಾದರೂ ಬರೆಯುತ್ತಿರಿ. ಇಡೀ ಕ್ಲಾಸಿಗೆ ಇನ್ನೊಂದು ನಿಯಮ ಹಾಕಿ. ರಫ್ ಪುಸ್ತಕದಲ್ಲಿ ಯಾವ ಭಾಷೆಯಾದರೂ ನಡೆಯುತ್ತದೆ, ಜೊತೆಗಾರನ ಹತ್ತಿರ ಯಾವ ಭಾಷೆಯಲ್ಲಾದರೂ ಚರ್ಚಿಸಬಹುದು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಿಮ್ಮ ಕ್ಲಾಸಿನ ಕೊಂಕಣಿ, ಮರಾಠಿ ಮಕ್ಕಳಲ್ಲಿ ಬಹಳಷ್ಟು ಜನ ನಾಲ್ಕನೆಯವರೆಗೆ ತಮ್ಮ ಭಾಷೆಯಲ್ಲಿ ಓದಿ ಐದನೆಯದರಲ್ಲಿ ಇಂಗ್ಲಿಷಿಗೆ ಬಿದ್ದವರೇ. ಅವರೂ ತಡವರಿಸುತ್ತಿದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಒಂಬತ್ತು, ಹತ್ತನೆಯ ತರಗತಿಯ ಒಬ್ಬಿಬ್ಬರನ್ನು ಕರೆದು ‘ನನಗೂ ಏಳನೆಯದರಲ್ಲಿ ಏನೂ ತಲೆಗೆ ಹೋಗುತ್ತಿರಲಿಲ್ಲ’ ಅಂತ ಹತ್ತು ನಿಮಿಷ ಮಾತಾಡಿಸಿ. ಕಷ್ಟ ತನ್ನೊಬ್ಬನದಲ್ಲ, ತೀರುವಂಥದು ಅಂತ ಹಿರಿಯ ಹುಡುಗರಿಂದ ಕೇಳಿದರೆ ಅದು ನಾಟುತ್ತದೆ. ಆದರೆ ಬೈಗುಳ ಮುಂದುವರಿದಿರುವಾಗ ಈ ಮಾತು ಸುಳ್ಳಾಗಿ ಕೇಳಿಸುತ್ತದೆ.

ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಗುಂಪು ಕೆಲಸದ ಬಗ್ಗೆ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ಊರಿನಲ್ಲಿ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳನ್ನು ಹೊಸದಾಗಿ ಒಂದೇ ಶಾಲೆಗೆ ಹಾಕಿದಾಗ ಹೊಡೆದಾಟವೇ ನಡೆಯಿತು. ಎಲಿಯಟ್ ಆರಾನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಉಪದೇಶ ಮಾಡಲು ಹೋಗಲಿಲ್ಲ. ಪಾಠವನ್ನು ತುಂಡು ಮಾಡಿದರು. ಐದಾರು ಮಕ್ಕಳ ಗುಂಪು, ಪಾಠದ ಐದಾರು ತುಂಡು, ಒಬ್ಬೊಬ್ಬರಿಗೆ ಒಂದೊಂದು. ಉಳಿದವರ ತುಂಡು ಗೊತ್ತಾಗಬೇಕಾದರೆ ಅವರ ಬಾಯಿಂದಲೇ ಕೇಳಬೇಕು. ಕಾರ್ಲೋಸ್ ಅಂತ ಅವರು ಕರೆಯುವ ಒಬ್ಬ ಹುಡುಗ ಇದ್ದ. ಇಂಗ್ಲಿಷ್ ತಡವರಿಸುತ್ತಿದ್ದ. ಮುಜುಗರವಾಗದಿರಲಿ ಅಂತ ಟೀಚರ್ ಅವನನ್ನು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದರು. ಗುಂಪಿನಲ್ಲಿ ಅವನ ಸರದಿ ಬಂದಾಗ ಉಳಿದವರು ಚುಡಾಯಿಸಿದರು. ಪಕ್ಕದಲ್ಲಿದ್ದ ಸಹಾಯಕಿ ಬೈಯಲಿಲ್ಲ. ‘ಚುಡಾಯಿಸಿದರೆ ಅವನ ಭಾಗ ನಿಮಗೆ ಗೊತ್ತಾಗಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಪರೀಕ್ಷೆ ಇದೆ’ ಅನ್ನುವ ಅರ್ಥದ ಮಾತು ಹೇಳಿದರು. ಕೆಲವು ದಿನಗಳಲ್ಲಿ ಅದೇ ಮಕ್ಕಳು ಅವನಿಂದ ಉತ್ತರ ಹೊರಡಿಸುವ ಪ್ರಶ್ನೆ ಕೇಳಲು ಕಲಿತರು.

ನಿಮ್ಮ ಕ್ಲಾಸಿನಲ್ಲಿ ಹೀಗೆ ಮಾಡಬಹುದು. ಕುಳೆಯಿಂದ ಕ್ಯಾಸಲ್ ರಾಕ್‌ವರೆಗೆ ರೈಲು ಹತ್ತುವ ಬ್ರಗಾಂಝಾ ಘಾಟಿನ ಇಳಿಜಾರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ಅನುಪಾತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿದೆ? ಒಬ್ಬನಿಗೆ ದೂರದ ಲೆಕ್ಕ, ಒಬ್ಬನಿಗೆ ಏರಿನದು, ಒಬ್ಬಳಿಗೆ ಟಿಕೆಟ್ ದರದ್ದು, ಇನ್ನೊಬ್ಬನಿಗೆ ವೇಗದ್ದು. ದೂಧಸಾಗರ ಎಲ್ಲರಿಗೂ ಗೊತ್ತು. ಘಟ್ಟ ಹತ್ತಿ ಹುಬ್ಬಳ್ಳಿ, ಗದಗಿಗೆ ಆ ರೈಲಿನಲ್ಲಿ ಹೋದವನು ನಿಮ್ಮ ಹುಡುಗ. ಅವನಿಗೆ ಹೇಳಲು ಏನೋ ಇರುತ್ತದೆ. ಸಮಾಜ ವಿಜ್ಞಾನದ ಟೀಚರ್ ನಿಮ್ಮ ಸ್ನೇಹಿತೆಯಾದರೆ ಅವರಿಗೂ ಒಂದು ಮಾತು ಹೇಳಿ. ಮಕ್ಕಳು ದಿನಾ ಹತ್ತುವ ‘ಕದಂಬ’ ಬಸ್ಸಿಗೆ ಆ ಹೆಸರು ಬಂದದ್ದು ಗೋವಾ ಆಳಿದ ಕದಂಬರಿಂದ. ಅವರು ತಮ್ಮನ್ನು ಬನವಾಸಿಯ ಕದಂಬರ ವಂಶದವರು ಅಂತ ಹೇಳಿಕೊಂಡವರು. ಘಟ್ಟದ ಮೇಲಿನವರು, ಕೆಳಗಿನವರು ಅನ್ನುವ ಗೆರೆ ನಾವು ಅಂದುಕೊಂಡಷ್ಟು ಹಳೆಯದೂ ಅಲ್ಲ, ಗಟ್ಟಿಯೂ ಅಲ್ಲ.

ಇದರಲ್ಲಿ ಅಪಾಯಗಳಿವೆ. ತುಂಡನ್ನು ಅವನು ಮೊದಲೇ ಓದಿಕೊಳ್ಳದೆ ಗುಂಪಿಗೆ ಹೋದರೆ ಅವಮಾನ ದುಪ್ಪಟ್ಟಾಗುತ್ತದೆ. ಅದಕ್ಕೆ ಒಂದೇ ತುಂಡು ಸಿಕ್ಕವರನ್ನೆಲ್ಲ ಬೇರೆ ಬೇರೆ ಗುಂಪಿನಿಂದ ತಂದು ಮೊದಲು ಒಟ್ಟಿಗೆ ಕೂರಿಸಿ ತಯಾರಿ ಮಾಡಿಸಬೇಕು. ಮೊದಲ ಹದಿನೈದು ದಿನ ಗದ್ದಲ ಆಗುತ್ತದೆ, ಪಕ್ಕದ ಕ್ಲಾಸಿನವರು ಬಂದು ಇಣುಕುತ್ತಾರೆ. ಎರಡು ಪೀರಿಯಡ್ ಮಾಡಿ ‘ಇದು ನಡೆಯಲ್ಲ’ ಅಂತ ಬಿಟ್ಟರೆ ಶುರು ಮಾಡದಿರುವುದೇ ವಾಸಿ. ಆರು ವಾರ, ವಾರಕ್ಕೆ ಎರಡು ಪೀರಿಯಡ್ ಇಟ್ಟುಕೊಳ್ಳಿ.

ಇನ್ನೊಂದು ಅಪಾಯ ನನ್ನದೇ ತಪ್ಪಿನಿಂದ ಕಲಿತದ್ದು. ಒಂದು ಶಾಲೆಯಲ್ಲಿ ‘ನಮ್ಮ ನಮ್ಮ ಸಂಸ್ಕೃತಿ’ ಅಂತ ಒಂದು ದಿನ ಇಟ್ಟು, ವಿಜಯಪುರ ಕಡೆಯ ಒಬ್ಬಳು ಹುಡುಗಿಗೆ ಅವಳ ಅವ್ವನ ಇಳಕಲ್ ಸೀರೆ ಉಡಿಸಿ, ಜೋಳದ ರೊಟ್ಟಿ ತರಿಸಿ, ವೇದಿಕೆ ಹತ್ತಿಸಿದೆ. ಚಪ್ಪಾಳೆ ಬಿತ್ತು. ನನಗೆ ಬಹಳ ಖುಷಿ. ಮಾರನೆಯ ದಿನದಿಂದ ಅವಳ ಹೆಸರು ‘ರೊಟ್ಟಿ’ ಆಯಿತು. ನಾಲ್ಕು ದಿನ ಶಾಲೆಗೆ ಬರಲಿಲ್ಲ. ಸೇರಿಸಿಕೊಳ್ಳಲು ಹೋಗಿ ಅವಳು ಎಷ್ಟು ಬೇರೆ ಅಂತ ಎಲ್ಲರಿಗೂ ತೋರಿಸಿಕೊಟ್ಟಿದ್ದೆ. ಹಾಗಾಗಿ ಘಟ್ಟದ ಲೆಕ್ಕ ಮಾಡುವಾಗ ‘ನೀನು ಆ ಕಡೆಯವನಲ್ವಾ, ಹೇಳು’ ಅಂತ ಅವನ ಕಡೆ ತಿರುಗಬೇಡಿ. ಅವನಾಗಿ ಹೇಳಿದರೆ ಹೇಳಲಿ.

‘ಘಾಂಟಿ’ ಅನ್ನುವ ಪದ ನಿಮ್ಮ ಕಿವಿಗೆ ಬಿದ್ದ ಆ ಕ್ಷಣ ಕೇಳದ ಹಾಗೆ ಇರಬೇಡಿ. ಟೀಚರ್ ಸುಮ್ಮನಿದ್ದರೆ ಎರಡೂ ಕಡೆಯವರಿಗೆ ಅದು ಒಪ್ಪಿಗೆ. ಆದರೆ ಅರ್ಧ ಗಂಟೆ ಭಾಷಣವೂ ಬೇಡ. ಅದರಿಂದ ಎಲ್ಲರ ಕಣ್ಣು ಆ ಹುಡುಗನ ಮೇಲೆ ಬೀಳುತ್ತದೆ. ‘ಈ ಕ್ಲಾಸಿನಲ್ಲಿ ಆ ಪದ ನಡೆಯಲ್ಲ’ ಅಂತ ಸಾದಾ ದನಿಯಲ್ಲಿ ಹೇಳಿ ಲೆಕ್ಕ ಮುಂದುವರಿಸಿ. ಅಂದವನನ್ನು ಆಮೇಲೆ ಒಬ್ಬನೇ ಇರುವಾಗ ಕರೆಯಿರಿ. ಕ್ಷಮೆ ಕೇಳಿಸುವ ನಾಟಕ ಬೇಡ, ಗಂಟೆ ಹೊಡೆದ ಮೇಲೆ ಅದರ ಸೇಡು ತೀರುತ್ತದೆ. ಯಾರಿಂದ ಕೇಳಿದೆ, ಯಾಕೆ ಅಂದೆ ಅಂತ ಕೇಳಿ. ಆ ಹುಡುಗನ ಮನೆಯಲ್ಲೂ ಏನೋ ಇರುತ್ತದೆ.

ಕೌನ್ಸೆಲರ್ ಹತ್ತಿರ ಕಳಿಸುವುದಾದರೆ ಪಾಠದ ಮಧ್ಯೆ ಹೆಸರು ಕೂಗಿ ಎಬ್ಬಿಸಬೇಡಿ. ಮಾರನೆಯ ದಿನ ‘ಹುಚ್ಚ’ ಅನ್ನುವ ಇನ್ನೊಂದು ಹೆಸರು ಸೇರುತ್ತದೆ. ನೀವು ಬರೆದಿಟ್ಟ ಹಾಜರಿ, ಎರಡು ಲೆಕ್ಕದ ಪರೀಕ್ಷೆ, ಊಟದ ಹೊತ್ತಿನ ಗಮನಿಕೆ ಎಲ್ಲವನ್ನೂ ಅವರಿಗೆ ಒಂದು ಹಾಳೆಯಲ್ಲಿ ಕೊಡಿ. ವಾರಕ್ಕೊಮ್ಮೆ ಬರುವವರಿಗೆ ಅದು ಬಂಗಾರ. ಅಂದ ಹಾಗೆ, ಜುಲೈ 2025ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್ ಇರಬೇಕು ಅಂತ ಇದೆ. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು ಅಂತಲೂ ಇದೆ. ಹೆಡ್‌ಮಿಸ್ಟ್ರೆಸ್ ಹತ್ತಿರ ಜಗಳಕ್ಕಲ್ಲ, ಅವರು ಮೇಲಿನವರಿಗೆ ಬರೆಯುವಾಗ ಅನುಕೂಲಕ್ಕೆ ಹೇಳಿ.

ಕೆಲವು ಲಕ್ಷಣ ಕಂಡರೆ ಮೇಲೆ ಹೇಳಿದ್ದನ್ನೆಲ್ಲ ಬದಿಗಿಡಿ. ಎರಡು ವಾರಕ್ಕೂ ಮೀರಿ ಊಟ-ನಿದ್ದೆ ಕೆಟ್ಟಿದ್ದರೆ, ಆಟವೂ ಬೇಡವಾಗಿದ್ದರೆ, ಕೈಮೇಲೆ ಗಾಯದ ಗುರುತಿದ್ದರೆ, ‘ನಾನಿಲ್ಲದಿದ್ದರೆ ಒಳ್ಳೆಯದು’ ಅನ್ನುವಂಥ ಮಾತು ಬಂದರೆ ಕೌನ್ಸೆಲರ್ ಬರುವ ದಿನಕ್ಕೆ ಕಾಯಬೇಡಿ. ‘ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?’ ಅಂತ ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಅನ್ನುವುದು ಸುಳ್ಳು. ಹೆಚ್ಚಿನ ಮಕ್ಕಳಿಗೆ ಕೇಳಿಸಿಕೊಂಡದ್ದೇ ಹಗುರ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಅದೇ ದಿನ ಮನೆಯವರಿಗೂ ಹೆಡ್‌ಮಿಸ್ಟ್ರೆಸ್‌ಗೂ ತಿಳಿಸಿ. ಬಾಂಬೋಳಿಯಲ್ಲಿ ಸರ್ಕಾರಿ ಮನೋರೋಗ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅವನ ಅವ್ವನಿಗೂ ಈ ನಂಬರ್ ಕೊಟ್ಟಿರಿ. ಮಕ್ಕಳ ಸಹಾಯವಾಣಿ 1098. ಒಂದು ಎಚ್ಚರಿಕೆ. ‘ಯಾರಿಗೂ ಹೇಳಲ್ಲ, ನನ್ನ ಹತ್ತಿರ ಹೇಳು’ ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೊ ಕಾಯ್ದೆ ಪ್ರಕಾರ ನೀವು ತಿಳಿಸಲೇಬೇಕು. ‘ನಿನ್ನ ಸುರಕ್ಷತೆಗೆ ಬೇಕಾದಷ್ಟು ಜನರಿಗೆ ಮಾತ್ರ ಹೇಳ್ತೀನಿ’ ಅನ್ನಿ.

ಕೊನೆಗೆ ಅಪ್ಪನ ಮಾತು. ಊರಿಗೆ ಕಳಿಸುವುದು ಯಾವಾಗಲೂ ತಪ್ಪು ಅಂತ ನಾನು ಹೇಳಲಾರೆ. ಅಜ್ಜಿಯ ಮನೆಯಲ್ಲಿ ಅರಳಿದ ಮಕ್ಕಳನ್ನು ನೋಡಿದ್ದೇನೆ. ಎಂಟನೆಯದರಲ್ಲಿ ಮತ್ತೆ ಕನ್ನಡ ಮಾಧ್ಯಮಕ್ಕೆ ಹೋಗಿ, ಅಲ್ಲಿ ‘ಗೋವಾದಂವ’ ಅನ್ನಿಸಿಕೊಂಡು, ಅಪ್ಪ-ಅವ್ವನೂ ಇಲ್ಲದೆ ಎರಡೂ ಕಡೆಯಿಂದ ಹೊರಗಾದವರನ್ನೂ ನೋಡಿದ್ದೇನೆ. ವರ್ಷದ ಮಧ್ಯೆ ಮಾತ್ರ ಬೇಡ. ಆರು ವಾರ ಸಮಯ ಕೇಳಿ. ಸಂಜೆ ಏಳರ ಮೇಲೆ, ಅಪ್ಪ ಸ್ನಾನ ಮಾಡಿ ಚಹಾ ಕುಡಿದ ಹೊತ್ತಿಗೆ ಫೋನ್ ಮಾಡಿ. ಶಾಲೆಯಿಂದ ಫೋನ್ ಅಂದರೆ ದೂರೇ ಅಂತ ಎದೆ ಧಸಕ್ಕೆನ್ನುತ್ತದೆ ಅವರಿಗೆ. ಮೊದಲು ಹುಡುಗ ಆ ವಾರ ಮಾಡಿದ ಒಂದು ಒಳ್ಳೆಯ ಲೆಕ್ಕದ ಸುದ್ದಿ ಹೇಳಿ, ಉಳಿದದ್ದು ಆಮೇಲೆ. ಆ ಆರು ವಾರದಲ್ಲಿ ಹುಡುಗನನ್ನೂ ಒಂದು ಸಲ ಕೇಳಿ, ನಿನಗೆ ಎಲ್ಲಿರಬೇಕು ಅನ್ನಿಸ್ತದ ಅಂತ. ಇಷ್ಟು ದಿನ ಯಾರಾದರೂ ಕೇಳಿದ ಹಾಗೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ.